ಕೆಮಿಕಲ್ ಪೀಲ್ ಮಾಡಿಸಿಕೊಂಡವರ ಅನುಭವ: ಕಲೆ ಹೋಗುತ್ತೆ, ಆದರೆ ಮೊದಲು ಇಷ್ಟು ತಿಳಿದಿರಲಿ

ಮೊದಲೇ ತೀರ್ಪು ಹೇಳಿಬಿಡುತ್ತೇನೆ, ವಿವರ ಆಮೇಲೆ. ಮೊಡವೆ ಹೋದ ಮೇಲೆ ಉಳಿದುಕೊಂಡ ಕಪ್ಪು ಕಲೆ, ಕಳೆಗುಂದಿದ ಮುಖ, ಕೈಯಾಡಿಸಿದರೆ ತರಿತರಿ ಅನ್ನಿಸುವ ಹಣೆ, ಇವಕ್ಕೆ ಕೆಮಿಕಲ್ ಪೀಲ್ ನಿಜವಾಗಿಯೂ ಕೆಲಸ ಮಾಡುತ್ತದೆ. ನನಗೆ ಮಾಡಿದೆ. 5ಕ್ಕೆ 4 ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಯಾಕೆ ಅಂದರೆ, ಇದು ಯಾರ ಕೈಯಲ್ಲಿ ಆಗುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಪೀಲ್‌ನಲ್ಲಿ ಮುಖಕ್ಕೆ ಹಚ್ಚುವ ಅದೇ ಆಸಿಡ್ ಒಬ್ಬರ ಕೈಯಲ್ಲಿ ಕಲೆ ತೆಗೆಯುತ್ತದೆ, ಇನ್ನೊಬ್ಬರ ಕೈಯಲ್ಲಿ ಇಲ್ಲದ ಕಲೆಯನ್ನು ತಂದಿಡುತ್ತದೆ. ಇದನ್ನು ಫೇಶಿಯಲ್ ಥರ ಮಾರುವವರು ತುಂಬಾ ಜನ ಇದ್ದಾರೆ. ಇದು ಫೇಶಿಯಲ್ ಅಲ್ಲ, ಚಿಕಿತ್ಸೆ.

ನನ್ನ ಸಮಸ್ಯೆ ಕೆನ್ನೆ ಮತ್ತು ದವಡೆಯ ಅಂಚಿನಲ್ಲಿ ಇದ್ದ ಮೊಡವೆ ಕಲೆಗಳು. ಮೊಡವೆ ಬರುವುದು ನಿಂತಿತ್ತು, ಆದರೆ ಒಂದೊಂದು ಮೊಡವೆಯೂ ಹೋಗುವಾಗ ಕಂದು ಚುಕ್ಕೆ ಬಿಟ್ಟು ಹೋಗಿತ್ತು. ಕ್ರೀಮ್ ಹಚ್ಚಿದೆ, ಸ್ವಲ್ಪ ತಿಳಿಯಾಯಿತು, ಅಲ್ಲಿಗೇ ನಿಂತುಬಿಟ್ಟಿತು. ಆಗ ಪೀಲ್ ಬಗ್ಗೆ ವಿಚಾರಿಸಲು ಶುರು ಮಾಡಿದೆ.

ಪೀಲ್ ಅಂದರೆ ಏನು ಅನ್ನುವುದನ್ನು ಸರಳವಾಗಿ ಹೇಳುತ್ತೇನೆ. ನಮ್ಮ ಚರ್ಮದ ತೀರಾ ಮೇಲಿನ ಪದರದಲ್ಲಿ ಇರುವುದು ಸತ್ತ ಜೀವಕೋಶಗಳು. ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೆಳಗಿನಿಂದ ಹೊಸ ಜೀವಕೋಶ ಮೇಲೆ ಬರುತ್ತಾ ಹೋದ ಹಾಗೆ ಹಳೆಯವು ಉದುರುತ್ತವೆ. ಈ ಒಂದು ಸುತ್ತಿಗೆ ಹರೆಯದಲ್ಲಿ ಸುಮಾರು 28 ದಿನ ಅನ್ನುತ್ತಾರೆ, ವಯಸ್ಸು ಆಗ್ತಾ ಆಗ್ತಾ ಅದು ನಿಧಾನ ಆಗುತ್ತದೆ. ಉದುರಬೇಕಾದದ್ದು ಸರಿಯಾಗಿ ಉದುರದೆ ಕೂತಾಗಲೇ ಮುಖ ಮಂಕಾಗಿ, ಒರಟಾಗಿ ಕಾಣುವುದು. ಪೀಲ್‌ನಲ್ಲಿ ಹಚ್ಚುವ ಆಸಿಡ್ ಆ ಅಂಟನ್ನು ಸಡಿಲ ಮಾಡುತ್ತದೆ. ಮೇಲಿನದು ಕಳಚಿಕೊಳ್ಳುತ್ತದೆ, ಕಳಚಿದ್ದು ತುಂಬಿಕೊಳ್ಳಲಿ ಅಂತ ಕೆಳಗಿನ ಪದರ ಚುರುಕಾಗಿ ಹೊಸ ಚರ್ಮ ಕಟ್ಟುತ್ತದೆ. ಕಲೆಯ ಬಣ್ಣವೂ ಇದರ ಜೊತೆಗೇ ಸ್ವಲ್ಪ ಸ್ವಲ್ಪ ಮೇಲೆ ಬಂದು ಹೊರಟುಹೋಗುತ್ತದೆ. ಅಷ್ಟೇ ವಿಷಯ. ಇದು ಇತ್ತೀಚಿನ ಫ್ಯಾಶನ್ ಕೂಡ ಅಲ್ಲ. ವಿಯೆನ್ನಾದ ಚರ್ಮತಜ್ಞ ಫರ್ಡಿನಾಂಡ್ ಫಾನ್ ಹೆಬ್ರಾ 1874ರ ಹೊತ್ತಿಗೇ ಬಂಗಿಗೆ ಈ ರೀತಿ ಚಿಕಿತ್ಸೆ ಮಾಡುತ್ತಿದ್ದರು. 1882ರಲ್ಲಿ ಹ್ಯಾಂಬರ್ಗ್‌ನ ಪಾಲ್ ಊನಾ ಅನ್ನುವವರು ಸ್ಯಾಲಿಸಿಲಿಕ್ ಆಸಿಡ್, ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಸಿಡ್), ಫೀನಾಲ್ ಇವೆಲ್ಲ ಚರ್ಮದ ಮೇಲೆ ಏನು ಮಾಡುತ್ತವೆ ಅಂತ ಬರೆದಿಟ್ಟರು. ಈಗಲೂ ಡಾಕ್ಟರ್‌ಗಳ ಕಪಾಟಿನಲ್ಲಿ ಇರುವುದು ಹೆಚ್ಚುಕಡಿಮೆ ಇವೇ ಹೆಸರುಗಳು.

ಮೊದಲು ಹೋದ ಕ್ಲಿನಿಕ್ ಬಗ್ಗೆ ಹೇಳಬೇಕು, ಹೆಸರು ಬೇಡ. ಒಳಗೆ ಕಾಲಿಟ್ಟ ತಕ್ಷಣ ಕೌಂಟರ್‌ನಲ್ಲಿದ್ದವರು ಪ್ಯಾಕೇಜ್ ಕಾರ್ಡ್ ಮುಂದೆ ಇಟ್ಟರು. ಇಷ್ಟು ಸಿಟ್ಟಿಂಗ್, ಇಷ್ಟು ಡಿಸ್ಕೌಂಟ್, ಇವತ್ತೇ ಶುರು ಮಾಡಬಹುದು. ನನ್ನ ಮುಖವನ್ನು ಇನ್ನೂ ಯಾರೂ ಬೆಳಕಿನಲ್ಲಿ ನೋಡಿಯೇ ಇರಲಿಲ್ಲ. ಯಾವ ಪೀಲ್ ಹಾಕ್ತೀರಿ ಅಂತ ಕೇಳಿದೆ. ‘ಗ್ಲೋ ಪೀಲ್ ಮೇಡಂ, ಎಲ್ಲರಿಗೂ ಅದೇ ಹಾಕೋದು’ ಅಂದರು. ಅದರಲ್ಲಿ ಯಾವ ಆಸಿಡ್ ಇದೆ, ಎಷ್ಟು ಪರ್ಸೆಂಟ್ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ವಾಪಸ್ ಬಂದೆ. ನಿಮಗೂ ಇಂಥ ಉತ್ತರ ಬಂದರೆ ಸಂಕೋಚ ಮಾಡಿಕೊಳ್ಳದೆ ಎದ್ದು ಬನ್ನಿ. ಮುಖಕ್ಕೆ ಏನು ಹಚ್ಚುತ್ತಿದ್ದಾರೆ ಅಂತ ತಿಳಿದುಕೊಳ್ಳುವುದು ನಮ್ಮ ಹಕ್ಕು.

ಎರಡನೇ ಕಡೆ ಇದ್ದದ್ದು ಚರ್ಮದ ಡಾಕ್ಟರ್. ಅವರು ಮೊದಲ ದಿನ ಮುಖಕ್ಕೆ ಏನನ್ನೂ ಹಚ್ಚಲೇ ಇಲ್ಲ, ಬರೀ ಕೇಳಿದರು. ತುಟಿಯ ಹತ್ತಿರ ಜ್ವರದ ಗುಳ್ಳೆ ಏಳುತ್ತಾ? ಗಾಯ ಆದರೆ ಆ ಜಾಗ ಉಬ್ಬಿಕೊಂಡು ಗಂಟಾಗುತ್ತಾ? ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಂಡಿದ್ದೀರಾ, ಯಾವಾಗ ನಿಲ್ಲಿಸಿದಿರಿ? ಆಸ್ಪಿರಿನ್ ಅಲರ್ಜಿ ಇದೆಯಾ? ಗರ್ಭಿಣಿಯಾ, ಮಗುವಿಗೆ ಹಾಲು ಕೊಡ್ತಿದ್ದೀರಾ? ದಿನಕ್ಕೆ ಎಷ್ಟು ಹೊತ್ತು ಬಿಸಿಲಲ್ಲಿ ಇರ್ತೀರಿ? ಆಮೇಲೆ ನನ್ನ ತೋಳನ್ನು ತಿರುಗಿಸಿ, ಮೊಣಕೈ ಹತ್ತಿರ ಇದ್ದ ಹಳೆಯ ಸೊಳ್ಳೆ ಕಡಿತದ ಗುರುತನ್ನು ನೋಡಿದರು. ‘ಇದು ಎಷ್ಟು ದಿನದಿಂದ ಹೀಗೇ ಇದೆ?’ ತಿಂಗಳುಗಟ್ಟಲೆ ಆಯಿತು ಅಂದೆ. ಅವರಿಗೆ ಬೇಕಾಗಿದ್ದ ಉತ್ತರ ಅದೇ. ಸಣ್ಣ ಕಡಿತಕ್ಕೇ ಇಷ್ಟು ಕಪ್ಪಾಗುವ ಚರ್ಮ ಜೋರಾದ ಪೀಲ್ ಬಿದ್ದರೆ ಇನ್ನೂ ಕಪ್ಪಾಗಬಹುದು, ಅದಕ್ಕೇ ನಿಧಾನಕ್ಕೆ ಹೋಗೋಣ ಅಂದರು.

ಈ ಮಾತು ಗೋಧಿ ಬಣ್ಣ, ಕಂದು ಬಣ್ಣ, ಕಪ್ಪು ಬಣ್ಣದ ಚರ್ಮ ಇರುವ ಎಲ್ಲರಿಗೂ ಮುಖ್ಯ, ಸ್ವಲ್ಪ ನಿಂತು ಹೇಳುತ್ತೇನೆ. ನಮ್ಮ ಚರ್ಮದಲ್ಲಿ ಬಣ್ಣ ಮಾಡುವ ಜೀವಕೋಶಗಳು ತುಂಬಾ ಚುರುಕು. ಉರಿ, ಊತ, ಸುಟ್ಟ ಗಾಯ, ಏನೇ ಆದರೂ ಅವು ಬಣ್ಣ ಸುರಿದುಬಿಡುತ್ತವೆ. ಮೊಡವೆ ಕಲೆ ಆಗುವುದೂ ಹೀಗೇ, ಪೀಲ್ ಕೆಟ್ಟಾಗ ಕಪ್ಪಾಗುವುದೂ ಹೀಗೇ. ಕಲೆ ತೆಗೆಯಲು ಹೋಗಿ ಚರ್ಮವನ್ನು ಸುಟ್ಟರೆ ಹೊಸ ಕಲೆ ಬರುತ್ತದೆ, ಅದು ಹೋಗಲು ತಿಂಗಳುಗಳೇ ಬೇಕು. ಡಾಕ್ಟರ್‌ಗಳು ಚರ್ಮವನ್ನು ಬಿಸಿಲಿಗೆ ಹೇಗೆ ಪ್ರತಿಕ್ರಿಯಿಸುತ್ತದೆ ಅನ್ನುವುದರ ಮೇಲೆ 6 ಬಗೆಯಾಗಿ ವಿಂಗಡಿಸುತ್ತಾರೆ, 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಅನ್ನುವ ಡಾಕ್ಟರ್ ಶುರು ಮಾಡಿದ ವಿಂಗಡಣೆ ಅದು. 4, 5, 6ನೇ ಬಗೆಯವರಿಗೆ, ಅಂದರೆ ನಮ್ಮಂಥ ಗೋಧಿ, ಕಂದು, ಕಪ್ಪು ಬಣ್ಣದವರಿಗೆ, ಹಗುರವಾದ ಪೀಲ್ ಅನ್ನೇ ಹಲವು ಸಲ ಮಾಡುವುದು ರೂಢಿ. ಒಂದೇ ಸಲಕ್ಕೆ ಎಲ್ಲ ಸರಿ ಮಾಡಿಕೊಡ್ತೀವಿ ಅನ್ನುವವರನ್ನು ನಂಬಬೇಡಿ.

ಮೊದಲ ಭೇಟಿ ಮುಗಿಸಿ ನಾನು ಮನೆಗೆ ತಂದದ್ದು ಸನ್‌ಸ್ಕ್ರೀನ್ ಮತ್ತು ರಾತ್ರಿ ಹಚ್ಚುವ ಒಂದು ಕ್ರೀಮ್ ಮಾತ್ರ. ಇದಕ್ಕೆ ಪ್ರೈಮಿಂಗ್ ಅನ್ನುತ್ತಾರೆ. ಪೀಲ್‌ಗೆ 2ರಿಂದ 4 ವಾರ ಮೊದಲೇ ಚರ್ಮವನ್ನು ಸಿದ್ಧ ಮಾಡುವುದು. ಒಬ್ಬೊಬ್ಬರಿಗೆ ಒಂದೊಂದು ಕ್ರೀಮ್ ಬರೆಯುತ್ತಾರೆ, ರೆಟಿನಾಯ್ಡ್ (ವಿಟಮಿನ್ ಎ ಬಗೆಯ ಔಷಧ) ಇರಬಹುದು, ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್ ಇರಬಹುದು, ಕಡಿಮೆ ಶಕ್ತಿಯ ಗ್ಲೈಕಾಲಿಕ್ ಆಸಿಡ್ ಇರಬಹುದು. ಇದರಿಂದ ಮೇಲಿನ ಪದರ ಎಲ್ಲ ಕಡೆ ಒಂದೇ ಸಮ ತೆಳುವಾಗುತ್ತದೆ, ಆಸಿಡ್ ಒಂದೇ ಸಮ ಇಳಿಯುತ್ತದೆ, ಬಣ್ಣ ಮಾಡುವ ಜೀವಕೋಶಗಳೂ ಸ್ವಲ್ಪ ತಣ್ಣಗಾಗಿರುತ್ತವೆ. ಇನ್ನೊಂದು ಲಾಭವೂ ಇದೆ. ದಿನಾ ಸನ್‌ಸ್ಕ್ರೀನ್ ಹಚ್ಚುವ ಅಭ್ಯಾಸ ನಿಮಗೆ ಆಗುತ್ತಾ ಇಲ್ಲವಾ ಅಂತ ಈ ವಾರಗಳಲ್ಲೇ ಗೊತ್ತಾಗಿಬಿಡುತ್ತದೆ. ಆಗಲ್ಲ ಅಂದರೆ ಪೀಲ್ ಮಾಡಿಸಬೇಡಿ ಅಂತಲೇ ನಾನು ಹೇಳುವುದು, ದುಡ್ಡು ಉಳಿಯುತ್ತದೆ, ಮುಖವೂ ಉಳಿಯುತ್ತದೆ.

ಪೀಲ್‌ಗೆ ಕೆಲವು ದಿನ ಇರುವಾಗ ರೆಟಿನಾಯ್ಡ್ ನಿಲ್ಲಿಸಲು ಹೇಳಿದರು. ಥ್ರೆಡಿಂಗ್, ವ್ಯಾಕ್ಸಿಂಗ್, ಬ್ಲೀಚ್, ಸ್ಕ್ರಬ್ ಎಲ್ಲಕ್ಕೂ ರಜೆ. ಕೂದಲು ಕಿತ್ತ ಜಾಗದಲ್ಲಿ ಆಸಿಡ್ ಜಾಸ್ತಿ ಒಳಗೆ ಹೋಗುತ್ತದೆ, ಅದಕ್ಕೆ.

ಈಗ ಆಸಿಡ್‌ಗಳ ವಿಷಯ. ಹೆಸರು ಕೇಳಿ ಹೆದರಬೇಕಾಗಿಲ್ಲ, ಆದರೆ ಯಾವುದು ಏನು ಅಂತ ಗೊತ್ತಿದ್ದರೆ ಡಾಕ್ಟರ್ ಜೊತೆ ಮಾತಾಡುವುದು ಸುಲಭ.

ಗ್ಲೈಕಾಲಿಕ್ ಆಸಿಡ್ ಕಬ್ಬಿನಲ್ಲಿ ಇರುವಂಥದ್ದು, ಮ್ಯಾಂಡೆಲಿಕ್, ಲ್ಯಾಕ್ಟಿಕ್ ಕೂಡ ಸೇರಿರುವ ಅದರ ಗುಂಪಿನಲ್ಲೇ ಇದರ ಅಣು ತೀರಾ ಚಿಕ್ಕದು. ಅದಕ್ಕೇ ಬೇಗ ಒಳಗೆ ಇಳಿಯುತ್ತದೆ, ಬೇಗ ಉರಿಯುತ್ತದೆ, ಒಳ್ಳೆಯ ಫಲಿತಾಂಶ ಕೊಡುತ್ತದೆ, ಕೈ ತಪ್ಪಿದರೆ ಬೇಗ ಸುಡುತ್ತದೆ ಕೂಡ. ಕ್ಲಿನಿಕ್‌ಗಳಲ್ಲಿ 20ರಿಂದ 70 ಪರ್ಸೆಂಟ್ ತನಕ ಬಳಸುತ್ತಾರೆ. ಮ್ಯಾಂಡೆಲಿಕ್ ಕಹಿ ಬಾದಾಮಿಯಿಂದ ಬಂದದ್ದು, ಅದರ ಅಣು ಗ್ಲೈಕಾಲಿಕ್‌ನ ಎರಡರಷ್ಟು ತೂಕ, ಮೆಲ್ಲಗೆ ಇಳಿಯುತ್ತದೆ, ಸೂಕ್ಷ್ಮ ಚರ್ಮಕ್ಕೂ ಕಪ್ಪಾಗುವ ಭಯ ಇರುವವರಿಗೂ ಒಳ್ಳೆಯದು. ಲ್ಯಾಕ್ಟಿಕ್ ಹುಳಿ ಬಂದ ಹಾಲಿನಲ್ಲಿ ಇರುವುದು, ಅದೂ ಮೃದು, ಒಣ ಚರ್ಮದವರಿಗೆ ಹೊಂದುತ್ತದೆ. ಸ್ಯಾಲಿಸಿಲಿಕ್‌ನ ಗುಣವೇ ಬೇರೆ. ಅದು ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ಜಿಡ್ಡು ತುಂಬಿದ ರಂಧ್ರದ ಒಳಗೇ ಹೋಗಿ ಕೆಲಸ ಮಾಡುತ್ತದೆ. ಎಣ್ಣೆ ಚರ್ಮ, ಬ್ಲ್ಯಾಕ್‌ಹೆಡ್, ಇನ್ನೂ ಬರುತ್ತಿರುವ ಮೊಡವೆ, ಇವಕ್ಕೆ ನನ್ನ ಮಟ್ಟಿಗೆ ಇದೇ ಮೊದಲ ಆಯ್ಕೆ. ಪೀಲ್‌ನಲ್ಲಿ ಸಾಮಾನ್ಯವಾಗಿ 20ರಿಂದ 30 ಪರ್ಸೆಂಟ್ ಇರುತ್ತದೆ. ಟಿಸಿಎ ಇನ್ನೂ ಜೋರು. ಅದು ಚರ್ಮದ ಪ್ರೋಟೀನ್ ಅನ್ನೇ ಗಟ್ಟಿ ಮಾಡುತ್ತದೆ, ಹಚ್ಚಿದ ಜಾಗ ಬೆಳ್ಳಗೆ ತಿರುಗುತ್ತದೆ, ಆ ಬಿಳುಪನ್ನು ನೋಡಿಯೇ ಎಷ್ಟು ಆಳ ಇಳಿದಿದೆ ಅಂತ ಡಾಕ್ಟರ್ ಅಂದಾಜು ಮಾಡುತ್ತಾರೆ. ಇನ್ನು ಫೀನಾಲ್. ಅದು ಆಳದ ಪೀಲ್, ರಕ್ತಕ್ಕೆ ಸೇರಿದರೆ ಹೃದಯದ ಬಡಿತ ಏರುಪೇರಾಗಬಹುದು, ಹಾಗಾಗಿ ಇಸಿಜಿ ಮಾನಿಟರ್ ಇಟ್ಟುಕೊಂಡೇ ಮಾಡಬೇಕು. ಹೊಳಪು ಬೇಕು, ನುಣುಪು ಬೇಕು ಅನ್ನುವವರು ಆ ದಾರಿಗೆ ಹೋಗುವ ಅಗತ್ಯವೇ ಇಲ್ಲ.

ನನಗೆ ಶುರು ಮಾಡಿದ್ದು ಗ್ಲೈಕಾಲಿಕ್‌ನ ಕಡಿಮೆ ಶಕ್ತಿಯಿಂದ. ಅವತ್ತು ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮೊದಲ ಸಲ ಹೋಗುವವರಿಗೆ ಧೈರ್ಯ ಬರಲಿ.

ಮುಖ ತೊಳೆಸಿದರು. ಆಮೇಲೆ ಗಾಜ್ ಬಟ್ಟೆಯಲ್ಲಿ ಸ್ಪಿರಿಟ್ ತರಹದ ದ್ರವ ಹಾಕಿ ಜಿಡ್ಡೆಲ್ಲ ಹೋಗುವ ಹಾಗೆ ಒರೆಸಿದರು. ಮೂಗಿನ ಪಕ್ಕದ ಸಂದನ್ನು ಎರಡು ಸಲ ಒರೆಸಿದರು, ಅಲ್ಲಿ ಜಿಡ್ಡು ಉಳಿದರೆ ಪೀಲ್ ಒಂದೇ ಸಮ ಕೂರುವುದಿಲ್ಲವಂತೆ. ಇಯರ್‌ಬಡ್‌ನಲ್ಲಿ ವ್ಯಾಸಲೀನ್ ತೆಗೆದು ಕಣ್ಣಿನ ಮೂಲೆ, ಮೂಗಿನ ಹೊಳ್ಳೆಯ ಅಂಚು, ತುಟಿ, ತುಟಿಯ ಎರಡೂ ಕೊನೆ ಎಲ್ಲ ಕಡೆ ದಪ್ಪಗೆ ಹಚ್ಚಿದರು. ತೆಳು ಚರ್ಮದ ಜಾಗಗಳು ಅವು, ಆಸಿಡ್ ಅಲ್ಲಿ ಕೂತರೆ ಬೇಗ ಸುಡುತ್ತದೆ. ಕಣ್ಣಿನ ಮೇಲೆ ಒದ್ದೆ ಹತ್ತಿ ಇಟ್ಟರು. ಆಸಿಡ್‌ನ ಕೆಲಸ ನಿಲ್ಲಿಸುವ ದ್ರವ, ಅಂದರೆ ನ್ಯೂಟ್ರಲೈಸರ್ ಇದ್ದ ಬಟ್ಟಲನ್ನು ಕೈಗೆ ಎಟಕುವ ಹಾಗೆ ಇಟ್ಟುಕೊಂಡ ಮೇಲೇ ಆಸಿಡ್ ಬಾಟಲಿಯ ಮುಚ್ಚಳ ತೆಗೆದದ್ದು. ಆ ಕ್ರಮ ನೋಡಿ ನನಗೆ ತುಂಬಾ ಸಮಾಧಾನ ಆಯಿತು.

ಬ್ರಷ್‌ನಲ್ಲಿ ಹಣೆಯಿಂದ ಶುರು. ಆಮೇಲೆ ಕೆನ್ನೆ, ಗಲ್ಲ, ಮೂಗು. ಮೊದಲು ತಂಪು ಅನ್ನಿಸಿತು, ಆಮೇಲೆ ಚುಳುಚುಳು, ಆಮೇಲೆ ಇರುವೆ ಹರಿದಾಡಿದ ಹಾಗೆ ಕಡಿತ, ಅದು ಏರುತ್ತಾ ಉರಿ ಆಯಿತು. ತಡೆಯಲಾರದ ಉರಿ ಅಲ್ಲ. ಸಣ್ಣ ಫ್ಯಾನ್ ಮುಖಕ್ಕೆ ಹಿಡಿದಿದ್ದರು. ಡಾಕ್ಟರ್ ಗಡಿಯಾರ ಇಟ್ಟುಕೊಂಡಿದ್ದರೂ ನೋಡುತ್ತಿದ್ದದ್ದು ನನ್ನ ಚರ್ಮವನ್ನೇ. ಗ್ಲೈಕಾಲಿಕ್‌ನಲ್ಲಿ ಸಮಯ ನಿಮಿಷಗಳ ಲೆಕ್ಕ, ಆದರೆ ಒಂದು ಜಾಗ ಬೇರೆಡೆಗಿಂತ ಬೇಗ ಕೆಂಪಾದರೆ ಆ ಜಾಗಕ್ಕೆ ಸಮಯ ಮುಗಿದ ಹಾಗೇ ಲೆಕ್ಕ. ನನಗೆ ಎಡಗೆನ್ನೆಯಲ್ಲಿ ಹಾಗೇ ಆಯಿತು. ಉಳಿದ ಮುಖ ಬಿಟ್ಟು ಮೊದಲು ಅಲ್ಲಿಗೆ ನ್ಯೂಟ್ರಲೈಸರ್ ಒತ್ತಿದರು. ಆ ದ್ರವದಲ್ಲಿ ಇರುವುದು ಸೋಡಿಯಂ ಬೈಕಾರ್ಬನೇಟ್, ಅಡುಗೆ ಸೋಡಾನೇ. ಹಾಕಿದ ತಕ್ಷಣ ಕೆನ್ನೆಯ ಮೇಲೆ ಚುಸ್ ಅಂತ ಸಣ್ಣ ನೊರೆ ಎದ್ದಿತು, ಕಿವಿಗೆ ಕೇಳುವಷ್ಟು. ಆಸಿಡ್ ಇನ್ನೂ ಇದೆ ಅನ್ನುವುದಕ್ಕೆ ಆ ನೊರೆಯೇ ಗುರುತು. ಆಮೇಲೆ ಇಡೀ ಮುಖಕ್ಕೆ ಹಾಕಿದರು, ನೊರೆ ಬರುವುದು ಪೂರ್ತಿ ನಿಲ್ಲುವ ತನಕ ಬಿಡಲಿಲ್ಲ. ತಣ್ಣೀರು, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಮುಗಿಯಿತು. ಎಲ್ಲ ಸೇರಿ ಅರ್ಧ ಗಂಟೆಗೆ ಹೊರಗೆ ಬಂದೆ, ಮುಖ ಓಡಿ ಬಂದವರ ಹಾಗೆ ಕೆಂಪಗಿತ್ತು ಅಷ್ಟೇ.

ಮುಂದೆ ಒಂದೆರಡು ಸಲ ಅವರು ಸ್ಯಾಲಿಸಿಲಿಕ್ ಮಾಡಿದರು, ಗಲ್ಲದ ಹತ್ತಿರ ಮತ್ತೆ ಸಣ್ಣ ಮೊಡವೆ ಶುರುವಾಗಿತ್ತು. ಅದರ ಅನುಭವವೇ ಬೇರೆ. ಹಚ್ಚಿದ ಕೂಡಲೇ ಜೋರಾಗಿ ಚುರುಗುಟ್ಟಿ, ಸುಮಾರು 3 ನಿಮಿಷದಲ್ಲಿ ತಾನಾಗೇ ಇಳಿಯಿತು. ಅದರಲ್ಲಿರುವ ಆಲ್ಕೋಹಾಲ್ ಆರಿದ ಮೇಲೆ ಮುಖದ ಮೇಲೆ ಬಿಳಿ ಪುಡಿ ಕೂತ ಹಾಗೆ ಕಾಣುತ್ತದೆ. ಅದು ಸುಟ್ಟಿದ್ದಲ್ಲ, ಆಸಿಡ್‌ನ ಹರಳು, ತೊಳೆದರೆ ಹೋಗುತ್ತದೆ. ಇದಕ್ಕೆ ನ್ಯೂಟ್ರಲೈಸರ್ ಬೇಕಾಗಿಲ್ಲ.

ಆಮೇಲಿನ ದಿನಗಳ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಮೊದಲ ದಿನ ಚರ್ಮ ಬಿಗಿ ಬಿಗಿ. ಎರಡು ಮೂರು ದಿನ ಕಳೆದ ಮೇಲೆ ತುಟಿಯ ಕೊನೆಯಿಂದ, ಮೂಗಿನ ಪಕ್ಕದಿಂದ ಸಣ್ಣ ಹೊಟ್ಟಿನ ಹಾಗೆ ಏಳಲು ಶುರು. ನಕ್ಕರೆ, ಬಾಯಿ ಅಗಲ ಮಾಡಿದರೆ ಅಲ್ಲೇ ಮೊದಲು ಬಿಡುತ್ತದೆ. ಕೈ ಸುಮ್ನೆ ಇರುವುದಿಲ್ಲ, ಕೀಳಬೇಕು ಅನ್ನಿಸುತ್ತದೆ. ಕೀಳಬೇಡಿ. ಅರ್ಧ ಬಿಟ್ಟಿರುವ ಪೊರೆಯ ಕೆಳಗಿನ ಚರ್ಮ ಇನ್ನೂ ಹಸಿ ಇರುತ್ತದೆ, ಎಳೆದರೆ ಅಲ್ಲಿ ಕೆಂಪಾಗಿ, ಅದೇ ಜಾಗ ಆಮೇಲೆ ಕಪ್ಪು ಚುಕ್ಕೆ ಆಗುತ್ತದೆ. ತೀರಾ ನೇತಾಡುತ್ತಿದ್ದರೆ ಚಿಕ್ಕ ಕತ್ತರಿಯಲ್ಲಿ ಕತ್ತರಿಸಿಬಿಡಿ. ಪರಿಮಳ ಇಲ್ಲದ ಸಾದಾ ಮಾಯಿಶ್ಚರೈಸರ್ ದಿನಕ್ಕೆ ಹಲವು ಸಲ ಹಚ್ಚಿ. ಸ್ಕ್ರಬ್, ವಿಟಮಿನ್ ಸಿ, ರೆಟಿನಾಲ್ ಯಾವುದೂ ಬೇಡ, ಚರ್ಮ ಪೂರ್ತಿ ಶಾಂತ ಆಗುವ ತನಕ. ಹಗುರ ಪೀಲ್ ಆದರೆ ಸಾಮಾನ್ಯವಾಗಿ ಒಂದು ವಾರದ ಒಳಗೆ ಎಲ್ಲ ತಿಳಿಯಾಗುತ್ತದೆ.

ಚರ್ಮ ಸುಲಿಯಲೇ ಇಲ್ಲ, ಪೀಲ್ ಕೆಲಸ ಮಾಡಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ಇದ್ದಾರೆ. ಹಾಗಲ್ಲ. ಮ್ಯಾಂಡೆಲಿಕ್, ಲ್ಯಾಕ್ಟಿಕ್ ಪೀಲ್‌ಗಳಲ್ಲಿ ಎಷ್ಟೋ ಸಲ ಕಣ್ಣಿಗೆ ಕಾಣುವಂಥ ಸುಲಿತ ಇರುವುದೇ ಇಲ್ಲ, ಆದರೂ ಕೆಲಸ ಆಗಿರುತ್ತದೆ. ಜಾಸ್ತಿ ಸುಲಿದರೆ ಜಾಸ್ತಿ ಲಾಭ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬಿಸಿಲಿನ ವಿಷಯ ಮಾತ್ರ ಎಷ್ಟು ಹೇಳಿದರೂ ಕಡಿಮೆ. ಈ ಆಸಿಡ್‌ಗಳು, ಅದರಲ್ಲೂ ಗ್ಲೈಕಾಲಿಕ್ ಗುಂಪಿನವು, ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್, ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದ, ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ. ಬೆಳಿಗ್ಗೆ ಒಂದು ಸಲ ಚೂರು ಸವರಿಕೊಂಡು ಸಂಜೆ ತನಕ ಓಡಾಡಿದರೆ ಏನೂ ಹಚ್ಚದ ಹಾಗೇ. ಬಂಗು ಇರುವವರು ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಕೇಳಿ ತಗೊಳ್ಳಿ. ಬಂಗನ್ನು ಕೆರಳಿಸುವುದು ಯುವಿ ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುತ್ತದೆ, ಅದನ್ನು ತಡೆಯಲು ಸಾದಾ ಬಿಳಿ ಸನ್‌ಸ್ಕ್ರೀನ್‌ಗೆ ಅಷ್ಟಾಗಿ ಆಗುವುದಿಲ್ಲ.

ಫಲಿತಾಂಶಕ್ಕೆ ಬರುತ್ತೇನೆ. ಮೊದಲು ಗೊತ್ತಾದದ್ದು ಕಣ್ಣಿಗಲ್ಲ, ಕೈಗೆ. ಮುಖ ತೊಳೆಯುವಾಗ ಹಣೆ ನುಣ್ಣಗೆ ಜಾರುತ್ತಿತ್ತು, ಆ ತರಿತರಿ ಇರಲಿಲ್ಲ. ಕಲೆಗಳು ಮಾತ್ರ ನಿಧಾನ. ಒಂದೇ ಪೀಲ್‌ಗೆ ಏನೂ ವ್ಯತ್ಯಾಸ ಕಾಣಲಿಲ್ಲ ಅಂತಲೇ ಹೇಳಬೇಕು. 2ರಿಂದ 4 ವಾರದ ಅಂತರದಲ್ಲಿ 4ರಿಂದ 6 ಸಲ ಮಾಡುವುದು ಸಾಮಾನ್ಯ, ಅರ್ಧ ದಾರಿ ದಾಟಿದ ಮೇಲೆ ಫೋಟೋಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದಾಗ ಮೇಲ್ಮಟ್ಟದ ಕಂದು ಕಲೆಗಳು ಬಹುಪಾಲು ಕರಗಿದ್ದವು. ಒಂದೇ ಜಾಗದಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಕನ್ನಡಿಯಲ್ಲಿ ದಿನಾ ನೋಡುವವರಿಗೆ ಬದಲಾವಣೆ ಗೊತ್ತೇ ಆಗುವುದಿಲ್ಲ.

ಹೋಗದೇ ಇದ್ದದ್ದು ಗುಳಿಗಳು. ಕೆನ್ನೆಯ ಮೇಲೆ ಮೊಡವೆ ಮಾಡಿದ ಒಂದೆರಡು ಸಣ್ಣ ಗುಂಡಿಗಳು ಹಾಗೇ ಇವೆ. ಹಗುರ ಪೀಲ್ ಮೇಲಿನ ಪದರದ ಕೆಲಸ, ಗುಳಿ ಅದಕ್ಕಿಂತ ಆಳದ್ದು. ಸೂಜಿ ಚುಚ್ಚಿದ ಹಾಗಿರುವ ಕಿರಿದಾದ ಗುಳಿಗೆ ಜೋರಾದ ಟಿಸಿಎಯನ್ನು ಆ ತೂತಿನ ಒಳಗಷ್ಟೇ ಕಡ್ಡಿಯ ತುದಿಯಲ್ಲಿ ಇಡುವ ವಿಧಾನ ಇದೆ, ಸಣ್ಣ ಸೂಜಿಗಳಿಂದ ಚರ್ಮಕ್ಕೆ ಚುಚ್ಚುವ ಮೈಕ್ರೋನೀಡ್ಲಿಂಗ್ ಇದೆ, ಲೇಸರ್ ಇದೆ. ಗುಳಿ ತುಂಬುತ್ತದೆ ಅಂತ ಹೇಳಿ ಗ್ಲೋ ಪೀಲ್ ಮಾರಿದರೆ ಅದು ಸುಳ್ಳು.

ಇನ್ನೊಂದು ವಿಷಯ ಮನಸ್ಸಿಗೆ ತುಂಬಾ ಹತ್ತಿರದ್ದು, ಬಿಟ್ಟು ಹೋಗಲಾರೆ. ಪೀಲ್ ಮಾಡಿಸಿದರೆ ಬೆಳ್ಳಗಾಗುತ್ತೀರಿ ಅಂತ ಮಾರುವವರಿದ್ದಾರೆ, ಅದನ್ನೇ ನಂಬಿ ಹೋಗುವ ಹುಡುಗ ಹುಡುಗಿಯರೂ ಇದ್ದಾರೆ. ಹುಟ್ಟಿನಿಂದ ಬಂದ ಬಣ್ಣವನ್ನು ಯಾವ ಪೀಲ್ ಕೂಡ ಬದಲಾಯಿಸುವುದಿಲ್ಲ. ಬಿಸಿಲಿಗೆ ಕಂದಿದ್ದು ತಿಳಿಯಾಗುತ್ತದೆ, ಕಲೆ ಕಡಿಮೆಯಾಗುತ್ತದೆ, ಮೇಲ್ಮೈ ನುಣುಪಾಗಿ ಬೆಳಕು ಚೆನ್ನಾಗಿ ಬೀಳುವುದರಿಂದ ಹೊಳಪು ಕಾಣುತ್ತದೆ. ನಿಮ್ಮದೇ ಬಣ್ಣ, ಅದರ ಒಳ್ಳೆಯ ಸ್ಥಿತಿಯಲ್ಲಿ. ನಮ್ಮ ಬಣ್ಣದಲ್ಲಿ ಏನೂ ಕೊರತೆ ಇಲ್ಲ, ಅದನ್ನು ಬದಲಾಯಿಸಿಕೊಡ್ತೀವಿ ಅನ್ನುವ ಅಂಗಡಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಬಂಗಿನ ಬಗ್ಗೆಯೂ ಒಂದು ಮಾತು. ಪೀಲ್‌ನಿಂದ ತಿಳಿಯಾಗಬಹುದು, ಆದರೆ ಅದು ಮರುಕಳಿಸುವ ಸ್ವಭಾವದ್ದು. ಹಾರ್ಮೋನ್, ಬೆಳಕು, ಬಿಸಿ ಎಲ್ಲ ಸೇರಿ ಅದನ್ನು ಎಬ್ಬಿಸುತ್ತವೆ. ಅಲ್ಲಿ ಮುಖ್ಯ ಚಿಕಿತ್ಸೆ ಕ್ರೀಮ್ ಮತ್ತು ಸನ್‌ಸ್ಕ್ರೀನ್, ಪೀಲ್ ಜೊತೆಗಿರುವ ಸಹಾಯ ಅಷ್ಟೇ. ಶಾಶ್ವತವಾಗಿ ತೆಗೆದುಬಿಡುತ್ತೇವೆ ಅಂದರೆ ನಂಬಬೇಡಿ.

ಆನ್‌ಲೈನ್‌ನಲ್ಲಿ ಬಾಟಲಿ ತರಿಸಿ ಮನೆಯಲ್ಲೇ ಮಾಡಿಕೊಂಡರೆ ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು, ಜೋರಾದ ಟಿಸಿಎ, ಗ್ಲೈಕಾಲಿಕ್, ಸ್ಯಾಲಿಸಿಲಿಕ್, ಲ್ಯಾಕ್ಟಿಕ್ ಪೀಲ್‌ಗಳನ್ನು ಡಾಕ್ಟರ್ ನಿಗಾ ಇಲ್ಲದೆ ಬಳಸಿದರೆ ಚರ್ಮ ಸುಟ್ಟು ಹೋಗಬಹುದು, ಇನ್ಫೆಕ್ಷನ್ ಆಗಬಹುದು, ಶಾಶ್ವತ ಕಲೆ ಉಳಿಯಬಹುದು ಅಂತ. ಬಾಟಲಿ ಮೇಲಿನ ಪರ್ಸೆಂಟ್ ನೋಡಿ ಧೈರ್ಯ ತಗೊಳ್ಳುವಂತಿಲ್ಲ, ಏಕೆಂದರೆ ಪಿಎಚ್, ಅಂದರೆ ದ್ರವ ಎಷ್ಟು ಆಮ್ಲೀಯ ಅನ್ನುವ ಅಳತೆ, ಕೂಡ ಅಷ್ಟೇ ಮುಖ್ಯ. ಪಿಎಚ್ ಸುಮಾರು 3.8 ಇದ್ದಾಗ ಗ್ಲೈಕಾಲಿಕ್‌ನ ಅರ್ಧದಷ್ಟು ಮಾತ್ರ ಚರ್ಮದೊಳಗೆ ಸುಲಭವಾಗಿ ಇಳಿಯುವ ಸ್ಥಿತಿಯಲ್ಲಿರುತ್ತದೆ, ಪಿಎಚ್ ಇಳಿದಷ್ಟೂ ಅದರ ಜೋರು ಏರುತ್ತದೆ. ಒಂದೇ 30 ಪರ್ಸೆಂಟ್ ಬರೆದಿರುವ ಎರಡು ಬಾಟಲಿಗಳು ಎರಡು ಥರ ವರ್ತಿಸುತ್ತವೆ ಅಂದರೆ ಕಾರಣ ಇದು. ಮನೆ ಬಳಕೆಗೆ ಗ್ಲೈಕಾಲಿಕ್, ಲ್ಯಾಕ್ಟಿಕ್ ಗುಂಪಿನವು 10 ಪರ್ಸೆಂಟ್ ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗೆ ಇರಬಾರದು ಅನ್ನುವುದು ಅಲ್ಲಿನ ಕಾಸ್ಮೆಟಿಕ್ ತಜ್ಞರ ಸಮಿತಿಯ ಶಿಫಾರಸು. ಅಷ್ಟರೊಳಗಿನ ಸೀರಮ್, ಟೋನರ್ ಬಳಸಿಕೊಳ್ಳಿ, ಅದೂ ವಾರಕ್ಕೆ ಒಂದೆರಡು ಸಲದಿಂದ ಶುರು ಮಾಡಿ.

ಯಾರು ಸದ್ಯಕ್ಕೆ ಬೇಡ ಅನ್ನಬೇಕು? ಮುಖದಲ್ಲಿ ಗಾಯ, ಎಕ್ಸಿಮಾ, ಜ್ವರದ ಗುಳ್ಳೆ ಇದ್ದರೆ ವಾಸಿಯಾಗುವ ತನಕ ಬೇಡ. ಹಿಂದೆ ಆಗಾಗ ಜ್ವರದ ಗುಳ್ಳೆ ಬಂದಿದ್ದರೆ ಮೊದಲೇ ಹೇಳಿ, ವೈರಸ್ ಏಳದ ಹಾಗೆ ಮಾತ್ರೆ ಕೊಡುತ್ತಾರೆ. ಗರ್ಭಿಣಿಯರು, ಆಸ್ಪಿರಿನ್ ಅಲರ್ಜಿ ಇರುವವರು ಸ್ಯಾಲಿಸಿಲಿಕ್ ಪೀಲ್‌ನಿಂದ ದೂರ ಇರಿ. ಕೆಲಸವೇ ದಿನವಿಡೀ ಬಿಸಿಲಲ್ಲಿ ಅಂದರೆ, ನೆರಳಲ್ಲಿ ಇರಲು ಆಗುವ ಸಮಯ ನೋಡಿಕೊಂಡು ಮಾಡಿಸಿ. ಮದುವೆ, ಸಮಾರಂಭ ವಾರದೊಳಗೆ ಇದ್ದರೆ ಅದರ ಮುಂಚೆ ಮೊದಲ ಪೀಲ್ ಖಂಡಿತ ಬೇಡ, ನಿಮ್ಮ ಚರ್ಮ ಹೇಗೆ ವರ್ತಿಸುತ್ತದೆ ಅಂತ ಇನ್ನೂ ಗೊತ್ತಿಲ್ಲವಲ್ಲ.

ಮಾಡಿಸಿದ ಮೇಲೆ ನೀರುಗುಳ್ಳೆ ಎದ್ದರೆ, ಕೀವು ಕಂಡರೆ, ಉರಿ ಇಳಿಯುವ ಬದಲು ಏರುತ್ತಿದ್ದರೆ, ಒಂದು ಜಾಗ ದಟ್ಟ ಕಂದು ಬಣ್ಣಕ್ಕೆ ತಿರುಗಿ ಹಕ್ಕಳೆ ಕಟ್ಟಿದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ಅವತ್ತೇ ಫೋನ್ ಮಾಡಿ ಹೋಗಿ ತೋರಿಸಿ. ಬೇಗ ಹಿಡಿದರೆ ಕಲೆ ಆಗುವುದನ್ನು ಬಹಳಷ್ಟು ತಡೆಯಬಹುದು. ನನ್ನ ಡಾಕ್ಟರ್ ಪ್ರತಿ ಪೀಲ್ ಆದ ಮಾರನೇ ದಿನ ಒಂದು ಫೋಟೋ ಕಳಿಸಲು ಹೇಳುತ್ತಿದ್ದರು, ಎಡಗೆನ್ನೆಯ ಕೆಂಪು ಉಳಿದಿದ್ದ ಸಲ ಫೋಟೋ ನೋಡಿಯೇ ಹಚ್ಚಲು ಬೇರೆ ಕ್ರೀಮ್ ಹೇಳಿದರು, ಮುಂದಿನ ಪೀಲ್ ಅನ್ನು ಎರಡು ವಾರ ಮುಂದಕ್ಕೆ ಹಾಕಿದರು. ಸೇರುವ ಮೊದಲು ಕ್ಲಿನಿಕ್‌ನಲ್ಲಿ ಇದನ್ನೂ ಕೇಳಿಕೊಳ್ಳಿ: ಏನಾದರೂ ಆದರೆ ನಾನು ಯಾರಿಗೆ ಫೋನ್ ಮಾಡಬೇಕು, ಡಾಕ್ಟರ್ ನೇರವಾಗಿ ಸಿಗುತ್ತಾರಾ?

ಸದ್ಯ ನನ್ನ ಪೀಲ್ ಮುಗಿದಿದೆ. ರಾತ್ರಿ ಹಗುರವಾದ ರೆಟಿನಾಯ್ಡ್, ಬೆಳಿಗ್ಗೆ ಸನ್‌ಸ್ಕ್ರೀನ್, ಇಷ್ಟೇ ನಡೆದಿದೆ. ಹೊಸ ಮೊಡವೆ ಎದ್ದು ಕಲೆ ಬಿಟ್ಟರೆ ಮತ್ತೆ ಒಂದೆರಡು ಮಾಡೋಣ, ಸುಮ್ನೆ ಮಾಡಿಸುತ್ತಾ ಹೋಗುವುದು ಬೇಡ ಅಂದಿದ್ದಾರೆ. ಗುಳಿಗಳಿಗೆ ಮೈಕ್ರೋನೀಡ್ಲಿಂಗ್ ಬಗ್ಗೆ ಮಾತಾಡಿದ್ದೇವೆ, ಅದನ್ನು ಮಾಡಿಸಿದರೆ ಅದರ ಬಗ್ಗೆಯೂ ಬರೆಯುತ್ತೇನೆ.